ವೇಣೂರು ಧನಂಜಯ ಕುಮಾರ್: ನಾಲ್ಕು ಗೆಲುವು, ಕೈತಪ್ಪಿದ ಒಂದು ಟಿಕೆಟ್ ಮತ್ತು ಜೈನ ಸಮಾಜದ ಮುಂದಿರುವ ಪ್ರಶ್ನೆ

2024ರ ಮಾರ್ಚ್ ತಿಂಗಳಲ್ಲಿ ಭಾರತೀಯ ಜನತಾ ಪಕ್ಷವು ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸತತ ಮೂರು ಬಾರಿ ಗೆದ್ದಿದ್ದ ನಳಿನ್ ಕುಮಾರ್ ಕಟೀಲ್ ಅವರನ್ನು ಬಿಟ್ಟು ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರ ಹೆಸರನ್ನು ಪ್ರಕಟಿಸಿತು. ಮಂಗಳೂರಿನ ಹಳೆಯ ತಲೆಮಾರಿನ ಮತದಾರರಿಗೆ ಇದು ಹೊಸ ಅನುಭವವೇನಲ್ಲ. ಸರಿಯಾಗಿ 20 ವರ್ಷಗಳ ಹಿಂದೆ, 2004ರಲ್ಲಿ, ಇದೇ ಪಕ್ಷ ಇದೇ ಊರಿನಲ್ಲಿ ಸತತ ನಾಲ್ಕು ಬಾರಿ ಗೆದ್ದಿದ್ದ ಸಂಸದರೊಬ್ಬರಿಗೆ ಟಿಕೆಟ್ ಕೊಡದೆ ಹೊಸಬರನ್ನು ನಿಲ್ಲಿಸಿ ಗೆಲ್ಲಿಸಿಕೊಂಡಿತ್ತು. ಆ ಸಂಸದರು ವೇಣೂರಿನ ವಿ. ಧನಂಜಯ ಕುಮಾರ್. ಕರ್ನಾಟಕದಿಂದ ಕೇಂದ್ರ ಸಂಪುಟ ಸೇರಿದ ಮೊದಲ ಬಿಜೆಪಿ ಸಚಿವರು, ಜೈನ ಧರ್ಮೀಯರು. 2019ರ ಮಾರ್ಚ್ 4ರಂದು ಮಂಗಳೂರಿನಲ್ಲಿ ತಮ್ಮ 67ನೆಯ ವಯಸ್ಸಿನಲ್ಲಿ ಅವರು ನಿಧನರಾದಾಗ ಪತ್ರಿಕೆಗಳು ಅವರ ಹುದ್ದೆಗಳ ಪಟ್ಟಿಯನ್ನು ಕೊಟ್ಟವು. ಜಿಲ್ಲೆಯಲ್ಲಿ ನೂರಕ್ಕೆ ಒಬ್ಬರೂ ಇಲ್ಲದ ಸಮಾಜದಿಂದ ಬಂದವರು ನಾಲ್ಕು ಬಾರಿ ಗೆದ್ದದ್ದು ಹೇಗೆ, ಒಮ್ಮೆ ಟಿಕೆಟ್ ತಪ್ಪಿದ ಮೇಲೆ ಚುನಾವಣಾ ಕಣದಲ್ಲಿ ಮತ್ತೆ ತಲೆ ಎತ್ತಲಾಗದೆ ಹೋದದ್ದು ಏಕೆ ಎಂಬ ಪ್ರಶ್ನೆ ಆ ಪಟ್ಟಿಯ ಆಚೆಗೇ ಉಳಿಯಿತು. ರಾಜಕೀಯಕ್ಕೆ ಬರಬೇಕೆನ್ನುವ ಜೈನ ಯುವಕ ಯುವತಿಯರು ಇರುವ ಮನೆಗಳಲ್ಲಿ ಈ ಪ್ರಶ್ನೆಯನ್ನು ಚರ್ಚಿಸುವುದು ಅಗತ್ಯ.

ಧನಂಜಯ ಕುಮಾರ್ ಹುಟ್ಟಿದ್ದು 1951ರ ಜುಲೈ 4ರಂದು. ವೃತ್ತಿಯಿಂದ ವಕೀಲರು. ಹೆಸರಿನ ಮೊದಲಕ್ಷರ ಸೂಚಿಸುವ ವೇಣೂರು ಜೈನ ಓದುಗರಿಗೆ ಪರಿಚಯ ಬೇಡದ ಊರು. ಅಜಿಲ ಅರಸರ ರಾಜಧಾನಿ, ಫಲ್ಗುಣಿ ನದಿಯ ದಂಡೆಯಲ್ಲಿ 1604ರಲ್ಲಿ ವೀರ ತಿಮ್ಮಣ್ಣ ಅಜಿಲರು ಪ್ರತಿಷ್ಠಾಪಿಸಿದ 35 ಅಡಿಯ ಬಾಹುಬಲಿ ಸ್ವಾಮಿಯ ನೆಲೆ. ಮೂಡುಬಿದಿರೆಯ ಚೌಟರು, ಕಾರ್ಕಳದ ಭೈರರಸರು, ನಂದಾವರದ ಬಂಗರು, ಮೂಲ್ಕಿಯ ಸಾವಂತರು, ವೇಣೂರಿನ ಅಜಿಲರು ಹೀಗೆ ತುಳುನಾಡಿನ ಬಹುಭಾಗವನ್ನು ಶತಮಾನಗಳ ಕಾಲ ಆಳಿದ್ದು ಜೈನ ಮನೆತನಗಳೇ. ಅವರ ಪ್ರಜೆಗಳಲ್ಲಿ ಜೈನರು ಆಗಲೂ ಕೆಲವೇ ಮಂದಿ. ತುಳುನಾಡಿನ ಜೈನರು ಬೇರೆಯವರಿಂದ ದೂರ ನಿಂತು ಬದುಕಿದವರೂ ಅಲ್ಲ. ಮನೆಮಾತು ತುಳು, ಬಂಟರಂತೆಯೇ ಅಳಿಯಸಂತಾನ, ಗುತ್ತು ಬೀಡುಗಳ ವ್ಯವಸ್ಥೆ, ಬಸದಿಯಲ್ಲಿ ತೀರ್ಥಂಕರರ ಪೂಜೆ ಮುಗಿಸಿ ದೈವದ ನೇಮದಲ್ಲಿ ಊರಿನ ಎಲ್ಲರ ನಡುವೆ ತಮ್ಮ ಸ್ಥಾನದಲ್ಲಿ ನಿಲ್ಲುವ ಪರಿಪಾಠ. ಚೌಟ, ಬಲ್ಲಾಳ, ಹೆಗ್ಗಡೆ ಮುಂತಾದ ಹೆಸರುಗಳನ್ನು ಕೇಳಿದ ಮಾತ್ರಕ್ಕೆ ಹೊರಗಿನವರಿಗೆ ಇವರು ಬಂಟರೋ ಜೈನರೋ ಎಂದು ಹೇಳಲಾಗುವುದಿಲ್ಲ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲೂ ಬಂಟರು ಮತ್ತು ದಿಗಂಬರ ಜೈನರು ಒಂದೇ 3ಬಿ ಪ್ರವರ್ಗದಲ್ಲಿ ಇದ್ದಾರೆ.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಈ ವ್ಯವಸ್ಥೆಯ ಬುಡವನ್ನೇ ಅಲುಗಿಸಿತು. ಗೇಣಿದಾರರು ಭೂನ್ಯಾಯ ಮಂಡಳಿಗೆ ಡಿಕ್ಲರೇಶನ್ ಕೊಟ್ಟರು, ಉಳುವವನೇ ಒಡೆಯನಾದ. ಅವಿಭಜಿತ ದಕ್ಷಿಣ ಕನ್ನಡದಷ್ಟು ಪರಿಣಾಮಕಾರಿಯಾಗಿ ಈ ಕಾಯಿದೆ ಜಾರಿಯಾದ ಜಿಲ್ಲೆಗಳು ಕಡಿಮೆ. ಜೈನ ಬೀಡುಗಳು ಭೂಮಿ ಕಳೆದುಕೊಂಡವು, ಬಸದಿಗಳ ಉಂಬಳಿ ಭೂಮಿಯೂ ಹೋಗಿ ಸರ್ಕಾರದ ತಸ್ತೀಕಿಗೆ ಕೈಚಾಚುವ ಸ್ಥಿತಿ ಬಂತು. ಆ ಹಿಂದಿನ ವ್ಯವಸ್ಥೆಯಲ್ಲಿ ಒಕ್ಕಲುಗಳಿಗೆ ಆದದ್ದು ಅನ್ಯಾಯ ಎಂಬುದನ್ನು ಇಂದು ಜೈನ ಮನೆತನಗಳ ವಿದ್ಯಾವಂತರೂ ಒಪ್ಪುತ್ತಾರೆ. ರಾಜಕೀಯದ ದೃಷ್ಟಿಯಿಂದ ಹೇಳಬೇಕಾದದ್ದು ಬೇರೆ: ಧಣಿ ಎಂಬ ಕಾರಣಕ್ಕೆ ಸಿಗುತ್ತಿದ್ದ ಮರ್ಯಾದೆಯನ್ನು ಮತವಾಗಿ ಪರಿವರ್ತಿಸುವ ದಾರಿ ಮುಚ್ಚಿತು. 1970ರ ದಶಕದ ನಂತರ ರಾಜಕೀಯಕ್ಕೆ ಬಂದ ಜೈನರಿಗೆ ಮನೆತನದ ಹೆಸರಿನಿಂದ ಆಗುವ ಲಾಭ ಅಷ್ಟಕ್ಕಷ್ಟೇ. ಧನಂಜಯ ಕುಮಾರ್ ಆ ತಲೆಮಾರಿನವರು.

ಪೂಜಾರಿಯವರ ಕೋಟೆಯಲ್ಲಿ

1983ರ ವಿಧಾನಸಭಾ ಚುನಾವಣೆಯಲ್ಲಿ ಆಗಷ್ಟೇ ಮೂರು ವರ್ಷದ ಕೂಸಾಗಿದ್ದ ಬಿಜೆಪಿ ಕರ್ನಾಟಕದಲ್ಲಿ 18 ಸ್ಥಾನಗಳನ್ನು ಪಡೆಯಿತು. ಉಡುಪಿಯಿಂದ ಡಾ. ವಿ.ಎಸ್. ಆಚಾರ್ಯ, ಶಿಕಾರಿಪುರದಿಂದ ಬಿ.ಎಸ್. ಯಡಿಯೂರಪ್ಪ, ಮಂಗಳೂರಿನಿಂದ ಧನಂಜಯ ಕುಮಾರ್ ಮೊದಲ ಬಾರಿಗೆ ಶಾಸಕರಾದದ್ದು ಆಗಲೇ. ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟ ಈ ಗುಂಪಿನ ಆಯುಷ್ಯ ಹೆಚ್ಚಿರಲಿಲ್ಲ. 1985ರಲ್ಲಿ ಹೆಗಡೆಯವರು ಮತ್ತೆ ಜನರ ಮುಂದೆ ಹೋದಾಗ ಬಿಜೆಪಿ 2 ಸ್ಥಾನಕ್ಕೆ ಕುಸಿಯಿತು. ಮಂಗಳೂರು ಕಾಂಗ್ರೆಸ್ಸಿನ ಪಾಲಾಯಿತು. ಆದರೆ ಆ 18 ಮಂದಿಯ ಕೂಟದಲ್ಲಿ ಬೆಳೆದ ನಂಟುಗಳು ಮುಂದೆ 30 ವರ್ಷ ಕರಾವಳಿಯ ರಾಜಕೀಯವನ್ನು ನಡೆಸಿದವು. ಯಡಿಯೂರಪ್ಪನವರ ಜೊತೆಗಿನ ನಂಟು ಧನಂಜಯ ಕುಮಾರ್ ಅವರಿಗೆ ಲಾಭ ನಷ್ಟ ಎರಡನ್ನೂ ತಂದಿತು.

1991ರ ಗೆಲುವು ನಿಧಾನವಾಗಿ ನೋಡಬೇಕಾದದ್ದು. ಅಂದಿನ ಮಂಗಳೂರು ಲೋಕಸಭಾ ಕ್ಷೇತ್ರ ಈಗಿನ ದಕ್ಷಿಣ ಕನ್ನಡ ಕ್ಷೇತ್ರದಂತಿರಲಿಲ್ಲ. ಕೊಡಗು ಅದರೊಳಗೇ ಇತ್ತು. ಮಂಗಳೂರಿನ ಬಂದರಿನಿಂದ ವಿರಾಜಪೇಟೆಯ ಕಾಫಿ ತೋಟದವರೆಗೆ ಹರಡಿದ ಕ್ಷೇತ್ರ. ಅಲ್ಲಿ 1977ರಿಂದ ಸತತ ನಾಲ್ಕು ಬಾರಿ ಗೆದ್ದಿದ್ದವರು ಬಿ. ಜನಾರ್ದನ ಪೂಜಾರಿ. ಕೇಂದ್ರದಲ್ಲಿ ಹಣಕಾಸು ಖಾತೆಯ ಕಿರಿಯ ಸಚಿವರಾಗಿ ಸಾಲಮೇಳಗಳನ್ನು ನಡೆಸಿ ದೇಶದಾದ್ಯಂತ ಹೆಸರಾದವರು, ಜಿಲ್ಲೆಯ ಅತಿ ದೊಡ್ಡ ಸಮುದಾಯಗಳಲ್ಲಿ ಒಂದಾದ ಬಿಲ್ಲವರ ನಾಯಕರು. ಅವರ ನೇತೃತ್ವದಲ್ಲಿ ನವೀಕರಣಗೊಂಡ ಕುದ್ರೋಳಿ ಗೋಕರ್ಣನಾಥ ಕ್ಷೇತ್ರವನ್ನು ಅದೇ 1991ರಲ್ಲಿ ರಾಜೀವ್ ಗಾಂಧಿಯವರು ಬಂದು ಉದ್ಘಾಟಿಸಿದ್ದರು. ಆ ವರ್ಷದ ಮೇ 21ರಂದು ರಾಜೀವ್ ಹತ್ಯೆಯಾಯಿತು. ಅನಂತರ ನಡೆದ ಮತದಾನದಲ್ಲಿ ಕಾಂಗ್ರೆಸ್ ರಾಜ್ಯದ 28ರಲ್ಲಿ 23 ಸ್ಥಾನಗಳನ್ನು ಬಾಚಿಕೊಂಡಿತು. ಅನುಕಂಪದ ಆ ಹೊಳೆಗೆ ಎದುರಾಗಿ ಈಜಿ ದಡ ಸೇರಿದ ಬಿಜೆಪಿಯವರು ರಾಜ್ಯದಲ್ಲಿ ನಾಲ್ಕೇ ಮಂದಿ: ಬೆಂಗಳೂರು ದಕ್ಷಿಣದಲ್ಲಿ ಕೆ. ವೆಂಕಟಗಿರಿ ಗೌಡ, ತುಮಕೂರಿನಲ್ಲಿ ಎಸ್. ಮಲ್ಲಿಕಾರ್ಜುನಯ್ಯ, ಬೀದರ್‌ನಲ್ಲಿ ರಾಮಚಂದ್ರ ವೀರಪ್ಪ, ಮಂಗಳೂರಿನಲ್ಲಿ ಧನಂಜಯ ಕುಮಾರ್.

ಭೂಸುಧಾರಣೆಯ ನೆನಪು ಇನ್ನೂ ಹಸಿಯಾಗಿದ್ದ ಜಿಲ್ಲೆಯಲ್ಲಿ, ಹಿಂದುಳಿದ ವರ್ಗಗಳ ನಾಯಕರೊಬ್ಬರ ಎದುರು ಜೈನ ಅಭ್ಯರ್ಥಿಯನ್ನು ನಿಲ್ಲಿಸುವುದು ಲೆಕ್ಕಾಚಾರದ ಪ್ರಕಾರ ಸೋಲುವ ಆಟ. ಆದರೆ ಆ ಲೆಕ್ಕವನ್ನೇ ಬೇರೆ ಕಾರಣಗಳು ಅಳಿಸಿಹಾಕಿದ್ದವು. ಅಯೋಧ್ಯೆಯ ಚಳವಳಿ, ಹಳ್ಳಿ ಹಳ್ಳಿಗೂ ತಲುಪಿದ್ದ ಸಂಘದ ಶಾಖೆಗಳು, ಅಂಗಡಿ ಬೀದಿಯಿಂದ ಮೀನುಗಾರರ ಕೇರಿಯವರೆಗೆ ಬೆಳೆದಿದ್ದ ಸಂಘಟನೆ ಇವೆಲ್ಲ ಸೇರಿ ಜಾತಿಗಳನ್ನು ದಾಟಿದ ಒಂದು ಮತವರ್ಗವನ್ನು ಕಟ್ಟಿದ್ದವು. ಪೂಜಾರಿಯವರ ಸಮುದಾಯದ ಯುವಕರೂ ಅದರಲ್ಲಿದ್ದರು. ಅಂಥ ಮತವರ್ಗಕ್ಕೆ ಅಭ್ಯರ್ಥಿಯ ಜಾತಿ ಮುಖ್ಯವಾಗುವುದಿಲ್ಲ, ಅಥವಾ ಸಂಖ್ಯೆಯಲ್ಲಿ ಸಣ್ಣ ಜಾತಿಯಾದರೆ ಇನ್ನೂ ಒಳ್ಳೆಯದು. ಬಂಟರನ್ನು ನಿಲ್ಲಿಸಿದರೆ ಬಿಲ್ಲವರಿಗೆ, ಬಿಲ್ಲವರನ್ನು ನಿಲ್ಲಿಸಿದರೆ ಬಂಟರಿಗೆ, ಬ್ರಾಹ್ಮಣರನ್ನು ನಿಲ್ಲಿಸಿದರೆ ಇಬ್ಬರಿಗೂ ಸ್ವಲ್ಪ ಕಸಿವಿಸಿ. ಜೈನರು ಯಾರಿಗೂ ಪೈಪೋಟಿಯಲ್ಲ. ಸದ್ದಿಲ್ಲದ ನಡವಳಿಕೆಯ ಓದಿದ ವಕೀಲ, ಯಾರೊಂದಿಗೂ ಹಗೆ ಇಲ್ಲದವರು, ಗುತ್ತು ಮನೆಗಳಿಗೂ ಹೋಗಿ ಕೂರಬಲ್ಲವರು. ಸಂಖ್ಯೆ ಇಲ್ಲದಿರುವುದೇ ಅಲ್ಲಿ ಅರ್ಹತೆಯಾಯಿತು.

ಅದೇ ಕಾರಣಕ್ಕೆ ಅವರ ನಾಲ್ಕೂ ಗೆಲುವುಗಳಲ್ಲಿ ಅವರ ಸ್ವಂತದ ಪಾಲೆಷ್ಟು, ಪಕ್ಷದ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಕಷ್ಟ. 1996 ಮತ್ತು 1998ರಲ್ಲಿ ಮತ್ತೆ ಪೂಜಾರಿಯವರನ್ನೇ ಸೋಲಿಸಿದರು. 1999ರಲ್ಲಿ ಎದುರಾದದ್ದು ಮಾಜಿ ಮುಖ್ಯಮಂತ್ರಿ ಎಂ. ವೀರಪ್ಪ ಮೊಯಿಲಿ. ಮೊಯಿಲಿಯವರೂ ಸಂಖ್ಯೆಯಲ್ಲಿ ಸಣ್ಣದಾದ ದೇವಾಡಿಗ ಸಮುದಾಯದವರು, ಮೂಡುಬಿದಿರೆ ಬಳಿಯ ಮಾರ್ಪಾಡಿಯಲ್ಲಿ ಹುಟ್ಟಿದವರು. ಆ ಬಾರಿ ಅಂತರ ತೆಳುವಾಗಿತ್ತು. ರಾಜ್ಯದಲ್ಲೂ 1998ರಲ್ಲಿ 13 ಸ್ಥಾನ ಗೆದ್ದಿದ್ದ ಬಿಜೆಪಿ 7ಕ್ಕೆ ಇಳಿದಿತ್ತು. (ಜೈನ ಅಭ್ಯರ್ಥಿಯ ಎದುರು ಸೋತ ಮೊಯಿಲಿಯವರೇ ಮುಂದೆ ಬಾಹುಬಲಿಯನ್ನು ಕುರಿತು ಮಹಾಕಾವ್ಯ ಬರೆದು, ಅದಕ್ಕೆ 2020ನೆಯ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು ಕರಾವಳಿಯಲ್ಲಿ ಧರ್ಮ ಮತ್ತು ರಾಜಕೀಯ ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ಒಂದು ಉದಾಹರಣೆ.)

ಹದಿಮೂರು ದಿನದ ಸಚಿವ

1996ರ ಮೇ 16ರಂದು ಅಟಲ್ ಬಿಹಾರಿ ವಾಜಪೇಯಿ ಅವರು ಮೊದಲ ಬಾರಿ ಪ್ರಧಾನಿಯಾದಾಗ ಜೊತೆಗೆ ಪ್ರಮಾಣವಚನ ಸ್ವೀಕರಿಸಿದವರು ಹತ್ತು ಹನ್ನೊಂದು ಮಂದಿ. ಜಸವಂತ್ ಸಿಂಗ್, ಪ್ರಮೋದ್ ಮಹಾಜನ್, ಮುರಳಿ ಮನೋಹರ ಜೋಷಿ, ಸುಷ್ಮಾ ಸ್ವರಾಜ್ ಮುಂತಾದವರ ಸಾಲಿನಲ್ಲಿ ಮಂಗಳೂರಿನ ಧನಂಜಯ ಕುಮಾರ್ ಕೂಡ ಇದ್ದರು. ನಾಗರಿಕ ವಿಮಾನಯಾನ ಮತ್ತು ಪ್ರವಾಸೋದ್ಯಮ ಖಾತೆ, ಸಂಪುಟ ದರ್ಜೆ. ಬಜಪೆಯ ಬೆಟ್ಟದ ಮೇಲಿನ ಗಿಡ್ಡ ರನ್‌ವೇಯ ಊರಿನವರಿಗೆ ವಿಮಾನಯಾನ ಖಾತೆ ಸಿಕ್ಕಿತೆಂದು ಜಿಲ್ಲೆ ಸಂಭ್ರಮಿಸುವಷ್ಟರಲ್ಲಿ ಸರ್ಕಾರ ಬಹುಮತವಿಲ್ಲದೆ ರಾಜೀನಾಮೆ ಕೊಟ್ಟಿತು. 13 ದಿನದಲ್ಲಿ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದೂ ಅನುಮಾನ. ಮಂಗಳೂರು ವಿಮಾನ ನಿಲ್ದಾಣದ 2,450 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ, ಅವರು ಸಂಸದರೂ ಆಗಿರದ ಹೊತ್ತಿನಲ್ಲಿ.

ಆ 13 ದಿನಗಳಿಗಿಂತ ಹೆಚ್ಚು ಹೇಳುವುದು ಅನಂತರ ನಡೆದದ್ದು. 1998ರಲ್ಲಿ ವಾಜಪೇಯಿ ಮತ್ತೆ ಪ್ರಧಾನಿಯಾದರು. ಅದೇ ವಿಮಾನಯಾನ ಖಾತೆ ಕರ್ನಾಟಕಕ್ಕೇ ಬಂತು, ಆದರೆ ಬೆಂಗಳೂರು ದಕ್ಷಿಣದ ಅನಂತಕುಮಾರ್ ಅವರಿಗೆ. 1996ರಲ್ಲಿ ಮೊದಲ ಬಾರಿ ಸಂಸತ್ತಿಗೆ ಬಂದಿದ್ದ, ಸಂಘಟನೆಯಲ್ಲಿ ಬೇರು ಬಿಟ್ಟ, ದೆಹಲಿಯ ನಾಯಕರಿಗೆ ಹತ್ತಿರದ ಕಿರಿಯರು ಅವರು. 1999ರ ಅಕ್ಟೋಬರ್‌ನಲ್ಲಿ ಧನಂಜಯ ಕುಮಾರ್ ಮತ್ತೆ ಮಂತ್ರಿಮಂಡಲಕ್ಕೆ ಬಂದದ್ದು ಹಣಕಾಸು ಖಾತೆಯ ರಾಜ್ಯ ಸಚಿವರಾಗಿ. ಮೂರು ವರ್ಷದ ಹಿಂದೆ ಸಂಪುಟ ದರ್ಜೆಯಲ್ಲಿ ಇದ್ದವರು ಒಂದು ಮೆಟ್ಟಿಲು ಕೆಳಗೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಹೀಗೆ ಐದು ಬ್ಯಾಂಕುಗಳನ್ನು ಹೆತ್ತ ನೆಲದಿಂದ ಪೂಜಾರಿಯವರ ನಂತರ ಇನ್ನೊಬ್ಬರು ಹಣಕಾಸು ಖಾತೆಗೆ ಹೋದರೆಂಬುದು ಮಂಗಳೂರಿಗೆ ಹೆಮ್ಮೆಯ ಸಂಗತಿಯೇ ಆಗಿತ್ತು. ಅಲ್ಲಿಂದ ಜವಳಿ ಖಾತೆಗೆ ವರ್ಗ. 2002ರ ಪುನರ್ರಚನೆಯ ಬಳಿಕ ಜವಳಿ ರಾಜ್ಯ ಸಚಿವರಾದವರು ವಿಜಯಪುರದ ಬಸನಗೌಡ ಪಾಟೀಲ ಯತ್ನಾಳ. ಬಿಜೆಪಿ ಆ ಹೊತ್ತಿಗೆ ಕರ್ನಾಟಕವನ್ನು ಗೆಲ್ಲುವ ದಾರಿಯನ್ನು ಉತ್ತರದಲ್ಲಿ, ಲಿಂಗಾಯತರ ನಡುವೆ ಹುಡುಕುತ್ತಿತ್ತು. ಕರಾವಳಿ ಹೇಗೂ ತನ್ನದೇ ಎಂಬ ವಿಶ್ವಾಸ ಅದಕ್ಕೆ ಬಂದಾಗಿತ್ತು. ತನ್ನದೇ ಎನಿಸಿದ ಕ್ಷೇತ್ರದಲ್ಲಿ ಸಂಸದರ ಬೆಲೆ ಕಡಿಮೆಯಾಗುವುದು ಎಲ್ಲ ಪಕ್ಷಗಳಲ್ಲೂ ಇರುವ ರೋಗ.

ಇದರ ಜೊತೆಗೆ ಕೃಷಿಕರ ಸಂಕಟವೂ ಸೇರಿತು. 2000ನೇ ಇಸವಿಯ ಬಳಿಕ ಅಡಿಕೆ ಧಾರಣೆ ನೆಲಕಚ್ಚಿತು. ಕೊಡಗಿನಲ್ಲಿ ಕಾಫಿಯ ಬೆಲೆಯೂ ಕುಸಿಯಿತು. ಶ್ರೀಲಂಕಾದ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂದ ಮೇಲೆ ಕಾಳುಮೆಣಸಿನ ಬೆಳೆಗಾರರೂ ಕಂಗಾಲಾದರು. ಕ್ಷೇತ್ರದ ಮೂರೂ ಮುಖ್ಯ ಬೆಳೆಗಳಿಗೆ ಒಟ್ಟಿಗೆ ಪೆಟ್ಟು ಬಿದ್ದಾಗ ಕ್ಷೇತ್ರದ ಸಂಸದರು ಕೇಂದ್ರ ಮಂತ್ರಿಮಂಡಲದಲ್ಲೇ ಇದ್ದರು. ಆಮದು ನೀತಿ ರಾಜ್ಯ ಸಚಿವರ ಕೈಯಲ್ಲಿ ಇರುವುದಿಲ್ಲ ನಿಜ. ಆದರೆ ಪುತ್ತೂರು, ಸುಳ್ಯದ ತೋಟದವರು ಅಷ್ಟೆಲ್ಲ ಸೂಕ್ಷ್ಮ ನೋಡಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ.

2004ರಲ್ಲಿ ಟಿಕೆಟ್ ಪುತ್ತೂರಿನ ಶಾಸಕರಾಗಿದ್ದ ಡಿ.ವಿ. ಸದಾನಂದ ಗೌಡರಿಗೆ ಹೋಯಿತು. ಎದುರಾಳಿ ಅದೇ ಮೊಯಿಲಿ. ಧನಂಜಯ ಕುಮಾರ್ 1999ರಲ್ಲಿ ಕಷ್ಟಪಟ್ಟು ಗೆದ್ದ ಸ್ಥಾನವನ್ನು ಗೌಡರು ಹೆಚ್ಚಿನ ಅಂತರದಿಂದ ಗೆದ್ದರು. ಪಕ್ಷಕ್ಕೆ ತನ್ನ ನಿರ್ಧಾರ ಸರಿಯೆಂದು ಸಾಬೀತಾಯಿತು. ನಾಲ್ಕು ಬಾರಿಯ ಸಂಸದರಿಗೆ ತಾವು ಇಲ್ಲದೆಯೂ ಮಂಗಳೂರು ಗೆಲ್ಲಬಹುದು ಎಂಬ ಸಂದೇಶ ಹೋಯಿತು. 2009ರಲ್ಲಿ ಕ್ಷೇತ್ರ ಪುನರ್ವಿಂಗಡಣೆಯಾಗಿ ಕೊಡಗು ಮೈಸೂರಿನ ಜೊತೆ ಸೇರಿ, ಕ್ಷೇತ್ರದ ಹೆಸರು ದಕ್ಷಿಣ ಕನ್ನಡ ಎಂದಾದಾಗ ಟಿಕೆಟ್ ನಳಿನ್ ಕುಮಾರ್ ಅವರಿಗೆ ಹೋಯಿತು. ಅಂದಿನಿಂದ ಪ್ರತಿ ಬಾರಿಯೂ ಆ ಪಕ್ಷದ ಅಭ್ಯರ್ಥಿ ಬಂಟರು.

ಅಲ್ಪಸಂಖ್ಯಾತ ಮಾನ್ಯತೆಯ ವರ್ಷ

2008ರಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿಯಾದ ಬಳಿಕ ಧನಂಜಯ ಕುಮಾರ್ ಅವರಿಗೆ ದೆಹಲಿಯಲ್ಲಿ ಕರ್ನಾಟಕ ಸರ್ಕಾರದ ವಿಶೇಷ ಪ್ರತಿನಿಧಿಯ ಸ್ಥಾನ ಸಿಕ್ಕಿತು. ಜನರಿಂದ ಬಂದ ಅಧಿಕಾರವಲ್ಲ, ಹಳೆಯ ಗೆಳೆಯರಿಂದ ಬಂದದ್ದು. 2011ರ ಜುಲೈ ಕೊನೆಯಲ್ಲಿ ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಗಿ ಬಂದಾಗ ಮುಖ್ಯಮಂತ್ರಿಯಾದವರು ಸದಾನಂದ ಗೌಡ. 2004ರ ಅದೇ ಗೌಡರು. ಅನಂತರದ ಒಳಜಗಳದಲ್ಲಿ ಧನಂಜಯ ಕುಮಾರ್ ಯಡಿಯೂರಪ್ಪನವರ ಪರ ನಿಂತು ಪಕ್ಷದ ಕೇಂದ್ರ ನಾಯಕತ್ವದ ವಿರುದ್ಧ ಬಹಿರಂಗವಾಗಿಯೇ ಮಾತಾಡಿದರು. 2012ರಲ್ಲಿ ಬಿಜೆಪಿ ಅವರನ್ನು ಉಚ್ಚಾಟಿಸಿತು. ಆ ವರ್ಷದ ಡಿಸೆಂಬರ್ 9ರಂದು ಹಾವೇರಿಯಲ್ಲಿ ಕರ್ನಾಟಕ ಜನತಾ ಪಕ್ಷದ ಸಮಾವೇಶ ನಡೆಯಿತು. 2013ರ ಚುನಾವಣೆಯಲ್ಲಿ ಕೆಜೆಪಿ ಗಳಿಸಿದ್ದು 6 ಸ್ಥಾನ. ಬಿಜೆಪಿಯನ್ನು 40ಕ್ಕೆ ಇಳಿಸಿದ ತೃಪ್ತಿಯಷ್ಟೇ ಅದಕ್ಕೆ ದಕ್ಕಿತು.

2014ರ ಜನವರಿ ಜೈನ ಸಮಾಜದ ಇತಿಹಾಸದಲ್ಲಿ ಮರೆಯಲಾಗದ ತಿಂಗಳು. 1993ರಲ್ಲಿ ಕೇಂದ್ರ ಸರ್ಕಾರ ಐದು ಧರ್ಮೀಯರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಅಧಿಸೂಚಿಸಿದಾಗ ಜೈನರನ್ನು ಬಿಟ್ಟಿತ್ತು. 1994ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗವೇ ಶಿಫಾರಸು ಮಾಡಿದರೂ ಕಡತ ಕದಲಲಿಲ್ಲ. 2005ರಲ್ಲಿ ಬಾಳ್ ಪಾಟೀಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಕ್ಕೆ ನಿರ್ದೇಶನ ಕೊಡಲು ಒಪ್ಪಲಿಲ್ಲ. ಕೊನೆಗೆ 2014ರ ಜನವರಿಯಲ್ಲಿ ಮನಮೋಹನ್ ಸಿಂಗ್ ಸರ್ಕಾರ ಅಧಿಸೂಚನೆ ಹೊರಡಿಸಿತು. ಈ 20 ವರ್ಷಗಳ ನಡುವಿನಲ್ಲಿ ಎನ್‌ಡಿಎ ಸರ್ಕಾರ ಆರು ವರ್ಷ ಆಳಿತ್ತು. ಅದರಲ್ಲಿ ಕೆಲ ಕಾಲ ಕರ್ನಾಟಕದ ಜೈನರೊಬ್ಬರು ಮಂತ್ರಿಯಾಗಿದ್ದರು. 2001ರಲ್ಲಿ ಭಗವಾನ್ ಮಹಾವೀರ ಸ್ವಾಮಿಯ 2600ನೆಯ ಜನ್ಮಕಲ್ಯಾಣಕವನ್ನು ಅದೇ ಸರ್ಕಾರ ರಾಷ್ಟ್ರಮಟ್ಟದಲ್ಲಿ ಆಚರಿಸಿತು. ಮಾನ್ಯತೆಯ ವಿಷಯ ಮಾತ್ರ ಇದ್ದಲ್ಲೇ ಇತ್ತು.

ಧನಂಜಯ ಕುಮಾರ್ ಅವರನ್ನು ಇದಕ್ಕಾಗಿ ದೂರುವುದು ಸುಲಭ, ನ್ಯಾಯವಲ್ಲ. ಜೈನರು ವಿಶಾಲ ಹಿಂದೂ ಸಮಾಜದ ಭಾಗ ಎಂಬುದು ಅವರ ಪಕ್ಷದ, ಸಂಘದ ನಿಲುವು. ಆ ನಿಲುವಿನ ಕಾರಣದಿಂದಲೇ ಬಿಲ್ಲವ, ಬಂಟ, ಮೊಗವೀರ, ಗೌಡ ಮತದಾರರು ಜೈನ ಅಭ್ಯರ್ಥಿಯನ್ನು ತಮ್ಮವರೆಂದು ನಾಲ್ಕು ಬಾರಿ ಆರಿಸಿದ್ದರು. ಪ್ರತ್ಯೇಕ ಗುರುತಿನ ಬೇಡಿಕೆಯನ್ನು ಅವರು ಎತ್ತಿ ಹಿಡಿದಿದ್ದರೆ ತಾವು ನಿಂತ ಕೊಂಬೆಯನ್ನೇ ಕಡಿದುಕೊಳ್ಳಬೇಕಿತ್ತು. ಸಮಾಜದೊಳಗೂ ಆ ಬೇಡಿಕೆಯ ಬಗ್ಗೆ ಒಮ್ಮತ ಇರಲಿಲ್ಲ ಎಂಬುದನ್ನು ಹಿರಿಯರು ಬಲ್ಲರು. ವಿದ್ಯಾರ್ಥಿವೇತನ, ಶಿಕ್ಷಣ ಸಂಸ್ಥೆಗಳ ಹಕ್ಕು ಬೇಕು ಎನ್ನುವವರು ಒಂದು ಕಡೆ, ನೆರೆಯವರಿಂದ ಬೇರೆಯಾದೆವೆಂಬ ಭಾವನೆ ಬರಬಾರದು ಎನ್ನುವವರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ಹುರುಳಿದೆ.

ಅಧಿಸೂಚನೆ ಹೊರಟ ಅದೇ ಜನವರಿಯಲ್ಲಿ ಯಡಿಯೂರಪ್ಪ ಬಿಜೆಪಿಗೆ ಮರಳಿದರು. ಧನಂಜಯ ಕುಮಾರ್ ಹೊರಗೇ ಉಳಿದರು. ಏಪ್ರಿಲ್‌ನ ಲೋಕಸಭಾ ಚುನಾವಣೆಯಲ್ಲಿ ಉಡುಪಿ-ಚಿಕ್ಕಮಗಳೂರು ಕ್ಷೇತ್ರದಿಂದ ಜಾತ್ಯತೀತ ಜನತಾದಳದ ಅಭ್ಯರ್ಥಿಯಾದರು. ಬಿಜೆಪಿಯಿಂದ ನಿಂತವರು ಶೋಭಾ ಕರಂದ್ಲಾಜೆ. ಕೆಜೆಪಿಯಲ್ಲಿ ಜೊತೆಗಿದ್ದವರು, ಯಡಿಯೂರಪ್ಪನವರೊಡನೆ ಮರಳಿದವರು. ಜೈನ ದೃಷ್ಟಿಯಿಂದ ನೋಡಿದರೆ ಆ ಕ್ಷೇತ್ರದಷ್ಟು ಪವಿತ್ರ ನೆಲ ಕಡಿಮೆ. 1432ರ ಬಾಹುಬಲಿ ನಿಂತ ಕಾರ್ಕಳ ಅದರಲ್ಲಿದೆ, ಜ್ವಾಲಾಮಾಲಿನಿ ಅಮ್ಮನವರ ಸಿಂಹನಗದ್ದೆ ಅದರಲ್ಲಿದೆ, ಬಸದಿ ಇರುವ ಊರುಗಳಿಗೆ ಲೆಕ್ಕವಿಲ್ಲ. ಶೋಭಾ ಅವರು ಭಾರಿ ಅಂತರದಿಂದ ಗೆದ್ದರು, ಕಾಂಗ್ರೆಸ್ಸಿನ ಕೆ. ಜಯಪ್ರಕಾಶ್ ಹೆಗ್ಡೆ ಎರಡನೆಯವರಾದರು. ಮಾಜಿ ಕೇಂದ್ರ ಸಚಿವರು ಬಹಳ ಹಿಂದೆ ಉಳಿದರು. ಬಸದಿಗಳ ಸಂಖ್ಯೆ ಮತಪೆಟ್ಟಿಗೆಯಲ್ಲಿ ಕಾಣಲಿಲ್ಲ. ಜೈನ ಮನೆಗಳ ಮತವೂ ಒಟ್ಟಾಗಿ ಅವರಿಗೆ ಹೋಯಿತೆಂದು ನಂಬಲು ಫಲಿತಾಂಶದಲ್ಲಿ ಏನೂ ಇರಲಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದ ಜೈನರು 4.40 ಲಕ್ಷ, ಅಂದರೆ ಶೇ. 0.72. ಎಲ್ಲರೂ ಒಂದೇ ಲೋಕಸಭಾ ಕ್ಷೇತ್ರದಲ್ಲಿ ನೆಲೆಸಿದ್ದರೂ ಅಲ್ಲಿ ಬಹುಮತ ಸಿಗುವುದಿಲ್ಲ.

ಬೇರೆಯವರ ದಾರಿಗಳು

ಹಾಗಾದರೆ ಗೆದ್ದು ಉಳಿದ ಜೈನ ನಾಯಕರು ಯಾವುದರ ಮೇಲೆ ನಿಂತಿದ್ದಾರೆ ಎಂದು ನೋಡಬೇಕು. ರಾಜ್ಯದಲ್ಲಿ ಅತಿ ಹೆಚ್ಚು ಜೈನರಿರುವ ಬೆಳಗಾವಿಯಲ್ಲಿ ಅಭಯ ಪಾಟೀಲರಂಥವರಿಗೆ ಸಮಾಜದ ಸಂಖ್ಯೆಯ ಬೆಂಬಲ ತಕ್ಕಮಟ್ಟಿಗೆ ಇದೆ. ಹಿರಿಯೂರಿನಲ್ಲಿ ಅದಿಲ್ಲ, ಆದರೂ ಡಿ. ಸುಧಾಕರ್ 2008ರಲ್ಲಿ ಪಕ್ಷೇತರರಾಗಿಯೇ ಗೆದ್ದರು, 2023ರಲ್ಲಿ ಸಿದ್ದರಾಮಯ್ಯ ಸಂಪುಟ ಸೇರಿದರು. ಪಕ್ಷ ಟಿಕೆಟ್ ಕೊಡದಿದ್ದರೂ ಕ್ಷೇತ್ರ ಕೈಬಿಡದು ಎಂಬ ಸ್ಥಿತಿ ಅದು. ಮೂಡುಬಿದಿರೆಯಲ್ಲಿ ಕೆ. ಅಭಯಚಂದ್ರ ಜೈನ್ 1999ರಿಂದ ನಾಲ್ಕು ಬಾರಿ ಕಾಂಗ್ರೆಸ್ಸಿನಿಂದ ಗೆದ್ದರು, 2013ರಲ್ಲಿ ಸಚಿವರಾಗಿ ಮೀನುಗಾರಿಕೆ, ಯುವಜನ ಮತ್ತು ಕ್ರೀಡಾ ಖಾತೆಗಳನ್ನು ನೋಡಿಕೊಂಡರು. ಮದುವೆ ಮನೆ, ಸಾವಿನ ಮನೆ, ಕಂಬಳದ ಕರೆ ಎಲ್ಲೆಡೆ ಕಾಣಿಸಿಕೊಳ್ಳುವ ಹಳೆಯ ಶೈಲಿಯ ಶಾಸಕರೆಂದು ಹೆಸರಾದ ಅವರೂ 2018ರ ಅಲೆಯಲ್ಲಿ ಉಮಾನಾಥ ಕೋಟ್ಯಾನ್ ಎದುರು ಸೋತರು. ಗಡಿಯಾಚೆ, ನಿಪ್ಪಾಣಿಗೆ ಅಂಟಿಕೊಂಡ ಹಾತಕಣಂಗಲೆ ಕ್ಷೇತ್ರದಿಂದ 2009 ಮತ್ತು 2014ರಲ್ಲಿ ಲೋಕಸಭೆಗೆ ಹೋದ ರಾಜು ಶೆಟ್ಟಿಯವರದು ಇನ್ನೂ ಬೇರೆ. ಅವರು ಜೈನರು ಎಂಬುದು ಕಬ್ಬು ಬೆಳೆಗಾರರಿಗೆ ಮುಖ್ಯವಲ್ಲ. ಟನ್ನಿಗೆ ಇಷ್ಟು ಕೊಡಿ ಎಂದು ಕಾರ್ಖಾನೆಯ ಗೇಟಿನ ಮುಂದೆ ಕೂತವರು ಎಂಬುದು ಮುಖ್ಯ. 2019ರಲ್ಲಿ ಸೋತ ಮೇಲೂ ಅವರ ರೈತ ಸಂಘಟನೆ ಅವರ ಹಿಂದೆಯೇ ಇತ್ತು.

ಧನಂಜಯ ಕುಮಾರ್ ಅವರಿಗೆ ಅಂಥ ಒಂದು ಸ್ವಂತ ನೆಲ ಇರಲಿಲ್ಲ. ಮಂಗಳೂರಿನಲ್ಲಿ ಅದಕ್ಕೆ ಅವಕಾಶ ಇರಲಿಲ್ಲವೆಂದಲ್ಲ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸುತ್ತ ಲಕ್ಷಾಂತರ ಅಡಿಕೆ ಬೆಳೆಗಾರರಿದ್ದರು. ಸಹಕಾರಿ ಸಂಘಗಳಿದ್ದವು, ಮೀನುಗಾರರ ಸಂಘಗಳಿದ್ದವು. ಪೂಜಾರಿಯವರು ಸತತ ಸೋತರೂ ಕುದ್ರೋಳಿಯ ದಸರಾ ಅವರ ಹೆಸರನ್ನು ಪ್ರತಿ ವರ್ಷ ಊರಿಗೆ ನೆನಪಿಸುತ್ತಿತ್ತು. 13 ವರ್ಷ ಸಂಸದರಾಗಿದ್ದವರ ಹೆಸರಿನೊಂದಿಗೆ ಮಂಗಳೂರಿಗರು ಥಟ್ಟನೆ ಜೋಡಿಸುವ ಸಂಸ್ಥೆಯಾಗಲಿ ಚಳವಳಿಯಾಗಲಿ ಉಳಿಯದೆ ಹೋದದ್ದು ಅವರ ರಾಜಕೀಯ ಜೀವನದ ದೊಡ್ಡ ಕೊರತೆ. ಅಂಥದ್ದೊಂದು ಇದ್ದಿದ್ದರೆ 2004ರಲ್ಲಿ ಪಕ್ಷ ಎರಡು ಬಾರಿ ಯೋಚಿಸುತ್ತಿತ್ತು.

ಅವರ ಸಭ್ಯತೆಯನ್ನು ಮೆಚ್ಚುವವರು ಇಂದಿಗೂ ಇದ್ದಾರೆ. ಸಣ್ಣ ಸಮಾಜದಿಂದ ಬಂದವರೊಬ್ಬರನ್ನು ಘಟಾನುಘಟಿಗಳ ಊರು ನಾಲ್ಕು ಬಾರಿ ಆರಿಸಿತೆಂಬುದೂ ಸಣ್ಣ ವಿಷಯವಲ್ಲ. ಅದೃಷ್ಟದ ಜೊತೆಗೆ ಯಾರನ್ನೂ ನೋಯಿಸದ ಮಾತು, ಸಂಘಟನೆಗೆ ತಲೆಬಾಗುವ ಶಿಸ್ತು ಇಲ್ಲದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ. ವಿಚಿತ್ರವೆಂದರೆ 2012ರಲ್ಲಿ ಅವರು ಕಳೆದುಕೊಂಡದ್ದು ಆ ಶಿಸ್ತನ್ನೇ. ನಳಿನ್ ಕುಮಾರ್ 2024ರಲ್ಲಿ ಟಿಕೆಟ್ ಕಳೆದುಕೊಂಡಾಗ ಪಕ್ಷದೊಳಗೇ ಉಳಿದರು, ಹೊಸ ಅಭ್ಯರ್ಥಿಯ ಪರವಾಗಿ ಕೆಲಸ ಮಾಡಿದರು. ಬ್ರಿಜೇಶ್ ಚೌಟ ಸುಮಾರು ಒಂದೂವರೆ ಲಕ್ಷ ಮತಗಳ ಅಂತರದಿಂದ ಗೆದ್ದರು. ಎದುರಾಳಿ ಕಾಂಗ್ರೆಸ್ಸಿನ ಪದ್ಮರಾಜ್ ಆರ್. ಪೂಜಾರಿ ಬಿಲ್ಲವರು, ಬಂಟ-ಬಿಲ್ಲವ ಸ್ಪರ್ಧೆ ಎಂದೇ ಪತ್ರಿಕೆಗಳು ಕರೆದವು. 1991ರಲ್ಲಿ ಜೈನ ಅಭ್ಯರ್ಥಿಗೆ ಜಾಗ ಕೊಟ್ಟಿದ್ದ ಲೆಕ್ಕಾಚಾರ ಈಗಿಲ್ಲ. ಆಗ ಪಕ್ಷಕ್ಕೆ ಎಲ್ಲರಿಗೂ ಒಪ್ಪಿಗೆಯಾಗುವ ಮುಖ ಬೇಕಿತ್ತು, ಈಗ ಪ್ರತಿ ಸಮುದಾಯವೂ ತನ್ನ ಪಾಲನ್ನು ಎಣಿಸಿ ಕೇಳುತ್ತದೆ.

2022ರ ಜುಲೈನಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿ ರಾಜರ್ಷಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ರಾಜ್ಯಸಭೆಗೆ ನಾಮನಿರ್ದೇಶನಗೊಂಡಾಗ ಸಮಾಜ ಸಂತೋಷಪಟ್ಟಿತು. ಅದು ವ್ಯಕ್ತಿಗೆ, ಅವರ ಸೇವೆಗೆ ಸಂದ ಗೌರವ. ಮತಯಾಚನೆಗೆ ಅಲ್ಲಿ ಕೆಲಸವಿಲ್ಲ, ಮುಂದಿನ ತಲೆಮಾರಿನವರು ಅದೇ ದಾರಿಯಲ್ಲಿ ಹೋಗುತ್ತೇವೆಂದು ಎಣಿಸುವಂತೆಯೂ ಇಲ್ಲ. ಚುನಾವಣೆಯ ದಾರಿ ಹಿಡಿಯುವವರಿಗೆ ಗ್ರಾಮ ಪಂಚಾಯಿತಿ, ಹಾಲಿನ ಸೊಸೈಟಿ, ಕೃಷಿ ಪತ್ತಿನ ಸಂಘಗಳಿಂದ ಆರಂಭವಾಗುವ ನಿಧಾನದ ನಡಿಗೆಯೇ ಉಳಿದಿರುವುದು. ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ ತಾಲೂಕುಗಳಲ್ಲಿ ಅಂಥ ಸ್ಥಾನಗಳಲ್ಲಿ ಜೈನರು ಇದ್ದಾರೆ, ಹೆಣ್ಣುಮಕ್ಕಳೂ ಇದ್ದಾರೆ. ಸದ್ಯಕ್ಕೆ ಮೇಲಿನ ಮೆಟ್ಟಿಲು ಖಾಲಿ. 2023ರ ವಿಧಾನಸಭಾ ಚುನಾವಣೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಎಂಟು ಕ್ಷೇತ್ರಗಳಿಗೆ ಬಿಜೆಪಿ ಮತ್ತು ಕಾಂಗ್ರೆಸ್ ನಿಲ್ಲಿಸಿದ 16 ಅಭ್ಯರ್ಥಿಗಳಲ್ಲಿ ಜೈನರು ಒಬ್ಬರೂ ಇರಲಿಲ್ಲ.